ಗೌರಕ್ಕನ ಮಾಳಿಗೆಗೆ ನಾನು ಹಾಕಿದ ಸಿಮೆಂಟು

ಮೊನ್ನೆ ಹೊಳಲ್ಕೆರೆ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರ್ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಗಿರಾಕಿಗೆ ತೋರಿಸಲೆಂದು ಅಂಗಡಿಯವರು ದೊಡ್ಡದೊಂದು ಬಿಳಿ ಬಕೆಟ್ಟಿನ ಮುಚ್ಚಳ ಎಬ್ಬಿಸಿದರು. ತಾರಸಿಗೆ ಬಳಿಯುವ, ನೀರು ತಡೆಯುವ ಬಣ್ಣ. ಹುಳಿ ಮಜ್ಜಿಗೆಗೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆ ಮೂಗಿಗೆ ಬಡಿಯಿತು. "ಇದನ್ನ ಹೊಡದ್ರೆ ಹತ್ತು ವರ್ಷ ಮ್ಯಾಲಕ್ಕೆ ನೋಡಂಗಿಲ್ಲ ಸಾರ್. ನೀವೇ ಬಳ್ಕಂಬೋದು, ಕೆಲಸದೋರೇ ಬ್ಯಾಡ" ಎಂದು ಅವರು ಹೇಳುತ್ತಿದ್ದರು. ಗಿರಾಕಿ ಬಕೆಟ್ಟಿನೊಳಗೆ ಬಗ್ಗಿ ನೋಡಿ ತಲೆಯಾಡಿಸುತ್ತಿದ್ದ. 'ಮೊದಲು ನಿಮ್ಮ ಮನೆಯ ತಾರಸಿ ಯಾವುದರದ್ದು ಹೇಳಿ' ಎಂದು ಅವನನ್ನು ಕೇಳಬೇಕು ಅನ್ನಿಸಿತು. ವಾಷರನ್ನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ.

ಆ ವಾಸನೆ ನನ್ನನ್ನು ನೇರವಾಗಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದ ವರ್ಷಕ್ಕೆ ಒಯ್ಯುತ್ತದೆ. ನಮ್ಮ ಸೀಮೆಯಲ್ಲಿ ಈಗ ಕಾಲದ ಲೆಕ್ಕ ಹಿಡಿಯುವುದೇ ಅದರಿಂದ. ಕೋಡಿ ಬಿದ್ದ ವರ್ಷ ಮಗಳ ಮದುವೆ ಮಾಡಿದ್ವಿ, ಕೋಡಿ ಬಿದ್ದ ವರ್ಷ ಎಮ್ಮೆ ತಂದ್ವಿ ಅನ್ನುತ್ತಾರೆ. ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡುವ ಜನ ನಾವು. ಅಜ್ಜಂದಿರ ಕಾಲದಲ್ಲಿ ಯಾವಾಗಲೋ ಒಮ್ಮೆ ತುಂಬಿತ್ತು ಎಂದು ಕೇಳಿದ್ದ ಜಲಾಶಯ ಆ ವರ್ಷ ತುಂಬಿ ಹರಿಯಿತು. ಊರೂರಿನವರು ಟೆಂಪೋ ಮಾಡಿಕೊಂಡು ಹೋಗಿ ಕೋಡಿಯ ನೀರಿಗೆ ಅರಿಶಿನ ಕುಂಕುಮ ಹಾಕಿ, ಕೈಮುಗಿದು, ಫೋಟೋ ತೆಗೆಸಿಕೊಂಡು ಬಂದರು. ನನಗೆ ಮಾತ್ರ ಆ ವರ್ಷ ಮೋಡ ಕಂಡರೆ ಆಗುತ್ತಿರಲಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವುದು ಅವಮಾನ ಎಂಬ ಹುಚ್ಚು ನನಗೆ ಹತ್ತಿದ್ದು ಲಾಕ್‌ಡೌನಿನಲ್ಲಿ. ಶಾಲೆ ಮುಚ್ಚಿತ್ತು, ಕೈಯಲ್ಲಿ ಮೊಬೈಲಿತ್ತು, ಅದರಲ್ಲಿ ಯಾರ್‍ಯಾರೋ ಏನೇನೋ ಕಟ್ಟುವುದು, ಕೆಡವುವುದು, ಬಳಿಯುವುದು ನೋಡುತ್ತ ಕೂತೆ. ಡ್ರಿಲ್ಲಿಂಗ್ ಮಿಷನ್ ತಂದೆ. ಬಚ್ಚಲಿನ ಬಾಗಿಲು ಬಿಚ್ಚಿ ಕೂರಿಸಿದೆ. ಅಂದಿನಿಂದ ಅದು ಮುಚ್ಚಬೇಕಾದರೆ ಒದೆಯಬೇಕು. ಹಿತ್ತಲಲ್ಲಿ ಹಳೆಯ ಪೈಪುಗಳಿಂದ ಬೈಕಿಗೊಂದು ಚಪ್ಪರ ಮಾಡಿದೆ. ಗಾಳಿ ಬಂದಾಗ ಬೈಕನ್ನು ಅದರಡಿಯಿಂದ ತೆಗೆದು ಹೊರಗೆ ನಿಲ್ಲಿಸುವುದು ವಾಡಿಕೆಯಾಯಿತು. "ನೀವು ಒಂದು ನಲ್ಲಿ ರಿಪೇರಿ ಮಾಡಿದ್ರೆ ಎರಡು ಸೋರ್ತವೆ ಕಣ್ರಿ" ಎಂದು ನನ್ನ ಹೆಂಡತಿ ಸುಮಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಮ್ಮ ಮನೆಯದು ಆರ್‌ಸಿಸಿ, ಎಷ್ಟು ಕೆಡಿಸಿದರೂ ಬೀಳುವ ಭಯವಿರಲಿಲ್ಲ.

ಗೌರಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆ. ನನಗೆ ತಾಯಿಯ ಮುಖ ಅಂದರೆ ಇವತ್ತಿಗೂ ಅಕ್ಕನದೇ. ಮದುವೆಯಾಗಿ ಆರು ವರ್ಷಕ್ಕೆ ಭಾವ ಹೋದರು, ಮಕ್ಕಳಿರಲಿಲ್ಲ. ಅವಳು ತವರಿಗೂ ಬರಲಿಲ್ಲ, ಗಂಡನ ಮನೆಯಲ್ಲೂ ಉಳಿಯಲಿಲ್ಲ. ಹೊಸದುರ್ಗ ದಾಟಿ ಹಿರಿಯೂರಿನ ಕಡೆ ಹೋಗುವ ದಾರಿಯಲ್ಲಿರುವ ಒಂದು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿ, ಕೂಡಿಟ್ಟು ಕೂಡಿಟ್ಟು ಅಲ್ಲೇ ಎರಡು ಅಂಕಣದ ಒಂದು ಮಾಳಿಗೆ ಮನೆ ಕೊಂಡಳು. ಊರಿನ ಹೆಸರು ಬೇಡ, ಇದನ್ನು ಅಲ್ಲಿನವರು ಓದಿದರೆ ಅವಳಿಗೆ ಮುಜುಗರ. ಅವಳ ಹೆಸರಿನಲ್ಲಿ ಇದ್ದದ್ದು ಆ ಮನೆಯೊಂದೇ. "ನಮ್ಮನೇಲಿ ಬಂದು ಇದ್ದುಬಿಡು ಅಕ್ಕ" ಎಂದು ನಾವು ಎಷ್ಟು ಸಲ ಕರೆದರೂ ಒಂದೇ ಮಾತು. "ನನ್ನ ಮನೆ ನಿಂತಿರಾ ತನಕ ನಾನು ಇನ್ನೊಬ್ರ ಹೊಸ್ಲು ದಾಟಿ ಇರಾಕೆ ಬರಲ್ಲಪ್ಪ. ಹಬ್ಬಕ್ಕೆ ಬರ್ತೀನಿ, ಉಂಡು ಹೋಗ್ತೀನಿ."

ಮಾಳಿಗೆ ಮನೆ ನೋಡದವರಿಗೆ ಹೇಳಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಜಂತೆಯ ಮೇಲೆ ಸೊಪ್ಪು ಸೆದೆ ಹಾಸಿ ಮೊಣಕಾಲುದ್ದ ಮಣ್ಣು. ಆ ಮಣ್ಣಿನ ಮೇಲೆ ಪ್ರತಿವರ್ಷ ಮುಂಗಾರಿಗೆ ಮೊದಲು ಕರ್ಲು ಮಣ್ಣು ಹಾಕುತ್ತಾರೆ. ಕೆರೆಯಂಚಿನ ಸವಳು ನೆಲದ ಬೂದು ಬಣ್ಣದ ಮಣ್ಣು ಅದು. ಮಳೆ ತಾಗಿದರೆ ಹಿಗ್ಗಿ ಗಟ್ಟಿಯಾಗಿ ಕೂತುಬಿಡುತ್ತದೆ, ನೀರನ್ನು ಕೆಳಗಿಳಿಯಗೊಡುವುದಿಲ್ಲ. ಅಕ್ಕನ ಮಾಳಿಗೆಗೆ ಈ ಕೆಲಸ ಮಾಡುತ್ತಿದ್ದವನು ಕ್ಯಾತಜ್ಜ. ಹಟ್ಟಿಯ ಕುರಿಗಾಹಿ, ಎಪ್ಪತ್ತರ ಆಸುಪಾಸು, ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಇಲ್ಲ. ಕರ್ಲು ಹರವಿ, ನೀರು ಚಿಮುಕಿಸಿ, ಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ನಡೆದು ಹಿಮ್ಮಡಿಯಲ್ಲಿ ಒತ್ತುತ್ತಿದ್ದ. ಅರ್ಧ ದಿನದ ಕೆಲಸ. ಮುಗಿದ ಮೇಲೆ ಅಕ್ಕನ ಕೈಯ ಮುದ್ದೆ ಉಂಡು ಕುರಿಯ ಹಿಂದೆ ಹೋಗಿಬಿಡುತ್ತಿದ್ದ.

ಆ ವರ್ಷದ ಬೇಸಿಗೆ ರಜೆಯಲ್ಲಿ ಅಕ್ಕನ ಮಾಳಿಗೆ ಹತ್ತಿ ನಿಂತವನಿಗೆ ಎಲ್ಲ ತಪ್ಪಾಗಿಯೇ ಕಂಡಿತು. ಹುಲ್ಲು ಬೆಳೆದು ಒಣಗಿದೆ, ಅಲ್ಲಲ್ಲಿ ಇಲಿ ಕೆದರಿದೆ, ಮೂಲೆಯಲ್ಲಿ ಒಂದು ಮಣ್ಣಿನ ಗುಡ್ಡೆ ಹರಕು ಗೋಣಿಚೀಲ ಹೊದ್ದು ಬಿದ್ದಿದೆ. ಈ ಕಾಲದಲ್ಲೂ ವರ್ಷ ವರ್ಷ ಮಣ್ಣು ಹೊರುವುದೇ ಎಂದು ರೇಗಿತು. ಮೊಬೈಲಿನಲ್ಲಿ ನೋಡಿದ್ದು ತಲೆಯಲ್ಲಿತ್ತು: ಮೇಲೆ ತಂತಿಯ ಬಲೆ ಹಾಸು, ಎರಡು ಇಂಚು ಸಿಮೆಂಟು ಕೂರಿಸು, ಒಣಗಿದ ಮೇಲೆ ಬಿಳಿ ಬಣ್ಣ ಬಳಿ. ಹತ್ತು ವರ್ಷ ನಿಶ್ಚಿಂತೆ.

"ಈಗ ಸೋರ್ತೈತೇನೋ? ಇಲ್ಲ. ಮತ್ತೆ ನಿಂಗ್ಯಾಕೋ ಈ ಉಸಾಬರಿ?" ಎಂದಳು ಅಕ್ಕ. "ಕ್ಯಾತಜ್ಜ ಬರ್ತಾನೆ, ನಾಕು ಬುಟ್ಟಿ ಕರ್ಲು ಹಾಕ್ತಾನೆ, ತುಳಿತಾನೆ. ಮುಗೀತು."

"ಕ್ಯಾತಜ್ಜ ಇನ್ನೆಷ್ಟು ವರ್ಷ ತುಳಿತಾನಕ್ಕ? ಅವನು ಹೋದ ಮೇಲೆ ಯಾರು ತುಳಿತಾರೆ, ನೀನಾ? ಒಂದ್ಸಲ ನಾನು ಮಾಡಿಕೊಡ್ತೀನಿ, ಆಮೇಲೆ ನೀನು ಮೇಲಕ್ಕೆ ನೋಡಂಗಿಲ್ಲ."

ಅವಳು ಸ್ವಲ್ಪ ಹೊತ್ತು ಅಕ್ಕಿ ಆರಿಸಿದಳು. "ಮಾಡಪ್ಪ. ನೀನು ಓದ್ದೋನು" ಎಂದಳು. ನನಗೆ ಬೇಡ ಅನ್ನುವುದು ಅವಳಿಗೆ ಚಿಕ್ಕಂದಿನಿಂದಲೂ ಬಾರದು. ಕಡ್ಲೆಮಿಠಾಯಿ ಕೇಳಿದಾಗಲೂ ಬಂದಿಲ್ಲ, ಈಗ ಮನೆಯ ತಲೆಯನ್ನೇ ಕೇಳಿದಾಗಲೂ ಬರಲಿಲ್ಲ.

ಹದಿನೈದು ದಿನ ಒಬ್ಬನೇ ದುಡಿದೆ. ಹೊಸದುರ್ಗದಿಂದ ಲಗೇಜ್ ಆಟೋದಲ್ಲಿ ಸಿಮೆಂಟು, ಮರಳು, ಬಲೆ, ಬಕೆಟ್ಟು ತರಿಸಿದೆ. ಹುಲ್ಲು ಕಿತ್ತೆ. ಮೂಲೆಯ ಗುಡ್ಡೆಯನ್ನು ಸಲಿಕೆಯಲ್ಲಿ ಎತ್ತಿ ಹಿತ್ತಲ ತಿಪ್ಪೆಗೆ ಎಸೆದೆ. ನೀರು ಹೊರಕ್ಕೆ ಬೀಳುತ್ತಿದ್ದ ಅಗಲವಾದ ಕಲ್ಲಿನ ದೋಣಿ ತೆಗೆದು, ಅಲ್ಲಿ ಚೊಕ್ಕವಾಗಿ ಒಂದು ಪ್ಲಾಸ್ಟಿಕ್ ಪೈಪು ಕೂರಿಸಿದೆ. ಬಿಸಿಲಿಗೆ ಕುತ್ತಿಗೆಯ ಚರ್ಮ ಸುಲಿಯಿತು, ಅಂಗೈ ಬೊಬ್ಬೆ ಬಂತು. ಸಂಜೆ ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿ, "ಮೇಷ್ಟ್ರ ಕೈ ಮೇಸ್ತ್ರಿ ಕೈ ಆಯ್ತಲ್ಲೋ" ಎಂದು ಹಂಗಿಸುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೇ ಅಷ್ಟು ದಿನ ಒಂದೇ ಸೂರಿನಡಿ ಇದ್ದದ್ದು. ನಿಜ ಹೇಳಬೇಕೆಂದರೆ ಆ ಹದಿನೈದು ದಿನ ನಾನು ಬಹಳ ಸುಖವಾಗಿದ್ದೆ.

ಬಣ್ಣ ಬಳಿಯುವ ದಿನ ಕ್ಯಾತಜ್ಜ ಬಂದ. ವಾಡಿಕೆಯಂತೆ ಕರ್ಲು ಹಾಕುವುದು ಯಾವತ್ತು ಎಂದು ಕೇಳಲು ಬಂದಿದ್ದ. ಏಣಿಯ ನಾಲ್ಕು ಮೆಟ್ಟಿಲು ಹತ್ತಿ ತಲೆಯಷ್ಟನ್ನೇ ಮಾಳಿಗೆಯ ಮೇಲಕ್ಕೆ ತಂದು ನೋಡಿದ.

"ಏನ್ ಮೇಷ್ಟ್ರೇ ಇದು?"

"ಇನ್ಮೇಲೆ ನಿನಗೆ ಕಷ್ಟ ಇಲ್ಲ ಅಜ್ಜ. ಒಂದು ಹನಿ ಇಳಿಯಲ್ಲ."

ಅವನು ಬೆರಳಿನಿಂದ ಸಿಮೆಂಟು ಕುಟ್ಟಿ ನೋಡಿದ. "ಮಣ್ಣು ತೆಗುದು ಹಾಕಿದ್ರಾ, ಮಣ್ಣಿನ ಮ್ಯಾಲೇ ಹಾಕಿದ್ರಾ?"

"ಮಣ್ಣಿನ ಮೇಲೇ. ಯಾಕೆ?"

"ಮಣ್ಣು ನೀರು ಕುಡಿತತೆ, ಬಿಸ್ಲಿಗೆ ಕಕ್ತತೆ. ಈಗ ನೀವು ಬಾಯಿ ಹೊಲ್ದುಬಿಟ್ರಿ. ಎಲ್ಲಾದ್ರೂ ಸೂಜಿಮೊನೆ ಅಷ್ಟು ನೀರು ಒಳಗೆ ಹೋದ್ರೆ ಕಕ್ಕಾಕೆ ದಾರಿ ಎಲ್ಲೈತ್ರಿ?" ಎಂದ.

ನಾನು ನಕ್ಕೆ. ಅದಕ್ಕೇ ಬಣ್ಣ ಬಳಿಯುವುದು ಎಂದೆ. ಅವನು ವಾದಕ್ಕೆ ನಿಲ್ಲಲಿಲ್ಲ. ಆ ವರ್ಷ ಅಕ್ಕನ ಮನೆಯ ಮುದ್ದೆ ಉಣ್ಣದೆ ಹಾಗೇ ಹೊರಟುಹೋದ. "ಕರದ್ರೂ ನಿಲ್ಲಲಿಲ್ಲ ನೋಡು" ಎಂದು ಅಕ್ಕ ಪೇಚಾಡಿದಳು.

ಮೊದಲ ಮಳೆಗಳಿಗೆ ಒಂದು ಹನಿಯೂ ಇಳಿಯಲಿಲ್ಲ. ಅಕ್ಕ ಫೋನು ಮಾಡಿ, "ಲೇ ತಮ್ಮ, ನಿನ್ನ ಮಾಳಿಗೆ ಮ್ಯಾಲೆ ನೀರು ಹಂಗೇ ಹರ್ಕಂಡು ಹೋಗ್ತೈತೆ ಕಣೋ" ಎಂದಳು. ಬಿಳಿ ಮಾಳಿಗೆ ನೋಡಲು ಅಕ್ಕಪಕ್ಕದವರು ಹತ್ತಿ ಬಂದರಂತೆ. ನನ್ನ ತಮ್ಮ, ನನ್ನ ತಮ್ಮ ಎಂದು ಅವಳು ಎಲ್ಲರಿಗೂ ಹೇಳಿದಳಂತೆ. ನಾನು ಸ್ಟಾಫ್ ರೂಮಿನಲ್ಲಿ ಫೋಟೋ ತೋರಿಸಿದೆ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಆಷಾಢದಲ್ಲಿ ಮಳೆ ಬಿಡದೆ ಹಿಡಿಯಿತು. ಒಂದು ದಿನ ಅಕ್ಕ ಹೇಳಿದಳು: "ಸೋರ್ತಾ ಇಲ್ಲಪ್ಪ. ಆದ್ರೆ ಜಂತೆ ಬೆವೆತಂಗೆ ಐತೆ. ಮ್ಯಾಲಿಂದ ಗೊದ್ದ ಇರುವೆ ಉದುರ್ತಾವೆ." ಶನಿವಾರ ಬೈಕಿನಲ್ಲಿ ಹೋದೆ. ಗೋಡೆ ಮತ್ತು ಸಿಮೆಂಟು ಸೇರುವ ಕಡೆ ಉದ್ದಕ್ಕೆ ಕೂದಲೆಳೆಯಂಥ ಬಿರುಕು. ಅಡಿಯ ಮಣ್ಣು ಹಿಗ್ಗಿತ್ತು, ಮೇಲಿನ ಸಿಮೆಂಟು ಹಿಗ್ಗಲಿಲ್ಲ. ಒಂದು ವಸ್ತು ಹಿಗ್ಗುವಂತೆ ಇನ್ನೊಂದು ಹಿಗ್ಗುವುದಿಲ್ಲ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡುವವನು ನಾನೇ. ಬಿರುಕಿಗೆ ಅಂಟು ತುಂಬಿ ಬಂದೆ.

ಮುಂದಿನ ವಾರ ಸೋರಲು ಶುರುವಾಯಿತು. ಬಿರುಕು ಪಡುವಣ ಗೋಡೆಗಿದ್ದರೆ ನೀರು ತೊಟ್ಟಿಕ್ಕಿದ್ದು ನಡುಮನೆಯ ಮಧ್ಯಕ್ಕೆ. ಅಲ್ಲಿಗೆ ನೇರ ಮೇಲೆ ಹೋಗಿ ಬಣ್ಣ ಬಳಿದರೆ ಮರುವಾರ ಒಲೆಯ ಮೇಲೆ ಸೋರಿತು. ಒಲೆಯ ಮೇಲಿನದಕ್ಕೆ ಬಳಿದರೆ ದೇವರ ಗೂಡು. ಮಣ್ಣಿನೊಳಗೆ ಹೊಕ್ಕ ನೀರು ತನಗೆ ಬೇಕಾದ ಕಡೆ ಓಡಾಡಿಕೊಂಡಿತ್ತು. ಅದು ಎಲ್ಲಿ ಬಂತು, ಎಲ್ಲಿ ನಿಂತಿದೆ, ನಾಳೆ ಎಲ್ಲಿ ಇಳಿಯುತ್ತದೆ, ಒಂದೂ ನನಗೆ ತಿಳಿಯುತ್ತಿರಲಿಲ್ಲ. ನನ್ನ ಚೊಕ್ಕ ಪೈಪಿಗೆ ಬೇವಿನೆಲೆ ಕಟ್ಟಿಕೊಂಡು ಮಾಳಿಗೆಯ ಮೇಲೆ ಗೇಣುದ್ದ ನೀರು ನಿಂತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯಿಂದ ಹಾಗೇ ಬೈಕು ಹತ್ತುತ್ತಿದ್ದೆ. ಹೊಸದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ರೆಕ್ಕೆ ಮಾತ್ರ ತೋರಿಸುತ್ತಿದ್ದವು. ನಾನು ರೇನ್‌ಕೋಟಿನೊಳಗೆ ಹೊಸ ಡಬ್ಬಿ, ಹೊಸ ಟೇಪು, ಹೊಸ ಟಾರ್ಪಾಲು ಬಚ್ಚಿಟ್ಟುಕೊಂಡು ನೆನೆಯುತ್ತ ಹೋಗುತ್ತಿದ್ದೆ. ಟಾರ್ಪಾಲು ಒಂದೇ ಗಾಳಿಗೆ ಹಾರಿ ಪಕ್ಕದ ಬೀದಿಯ ತೆಂಗಿನ ಮರಕ್ಕೆ ಸುತ್ತಿಕೊಂಡಿತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ನನ್ನ ಕೈಯಲ್ಲಿ ಅವರಪ್ಪನೂ ಆಗಲಿಲ್ಲ.

ಅಕ್ಕ ಪಾತ್ರೆಗಳನ್ನು ಇಡುತ್ತ ಹೋದಳು. ಮೊದಲು ಚೊಂಬು, ಆಮೇಲೆ ಕೊಳಗ, ಆಮೇಲೆ ನೀರೊಲೆಯ ಹಂಡೆ. ಹಾಸಿಗೆಯನ್ನು ಒಣಗಿದ ಜಾಗದಿಂದ ಒಣಗಿದ ಜಾಗಕ್ಕೆ ಎಳೆಯುತ್ತಿದ್ದಳು. ಇಷ್ಟಾದರೂ ನನಗೆ ಬಿಸಿ ರೊಟ್ಟಿ ತಟ್ಟಿ ಹಾಕಿ, "ವಾರ ವಾರ ಯಾಕೋ ಬರ್ತೀಯ, ಜ್ವರ ಗಿರ ಬಂದೀತು. ನಿಂತೇ ನಿಲ್ತತೆ ಬಿಡು ಮಳೆ, ಎಷ್ಟು ದಿನ ಬಂದೀತು?" ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ಯಂತ ನಾಚಿಕೆಯ ಸಂಗತಿ ಎಂದರೆ ಇಡೀ ಓಣಿಯಲ್ಲಿ ಸೋರುತ್ತಿದ್ದುದು ಅಕ್ಕನ ಮನೆ ಒಂದೇ. ಸಾಲಿನ ಮಾಳಿಗೆಗಳೆಲ್ಲ ಒಂದಕ್ಕೊಂದು ತಾಗಿಕೊಂಡಿವೆ, ಒಂದರಿಂದ ಒಂದಕ್ಕೆ ನಡೆದು ಹೋಗಬಹುದು. ಪಕ್ಕದವರ ಮಾಳಿಗೆಯಲ್ಲಿ ಎಲ್ಲಾದರೂ ತೊಟ್ಟಿಕ್ಕಿದರೆ ಮನೆಯವರು ಯಾರಾದರೂ ಮಳೆಯಲ್ಲೇ ಮೇಲೆ ಹತ್ತಿ, ಮೂಲೆಯ ಗುಡ್ಡೆಯಿಂದ ಎರಡು ಬೊಗಸೆ ಕರ್ಲು ತೆಗೆದು, ಆ ಜಾಗಕ್ಕೆ ಹಾಕಿ, ಹಿಮ್ಮಡಿಯಲ್ಲಿ ಒತ್ತಿ ಇಳಿದುಬಿಡುತ್ತಿದ್ದರು. ಐದು ನಿಮಿಷದ ಕೆಲಸ. ನಾನು ಇಷ್ಟುದ್ದದ ಬ್ರಷ್ಷು ಹಿಡಿದು ನೆನೆಯುತ್ತ ಅದನ್ನು ನೋಡುತ್ತಿದ್ದೆ.

ಕೊನೆಗೆ ನಾನೇ ಹಟ್ಟಿಗೆ ಹೋಗಿ ಕ್ಯಾತಜ್ಜನನ್ನು ಕರೆದುಕೊಂಡು ಬಂದೆ. ಅವನಿಗೆ ಸಿಟ್ಟಿರಲಿಲ್ಲ. ಒಳಗೆ ಬಂದು, ತಲೆಯೆತ್ತಿ, ಕೋಲಿನಿಂದ ಜಂತೆಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ತೊಲೆಯ ಹತ್ತಿರ ಬಂದಾಗ ಎರಡು ಸಲ ತಟ್ಟಿದ.

"ಕುಂತ್ಕಳ್ರಿ ಮೇಷ್ಟ್ರೇ" ಎಂದ, ತಾನು ನಿಂತುಕೊಂಡೇ. "ಸಿಮೆಂಟು ಒಡುದು ತೆಗಿಬೇಕು. ನೀರು ಕುಡುದ ಮಣ್ಣು ಎಲ್ಲ ಇಳುಸ್ಬೇಕು. ಮತ್ತೆ ಹೊಸದಾಗಿ ಕರ್ಲು ಹಾಕ್ಬೇಕು. ಅದ್ಕೆ ಎಂಟು ದಿನನಾದ್ರೂ ಬಿಸ್ಲು ಬೇಕು. ಬಿಸ್ಲು ಎಲ್ಲೈತೆ?"

"ಸದ್ಯಕ್ಕೆ ಸೋರುವ ಕಡೆಯಷ್ಟೇ ಒಡೆದು ಕರ್ಲು ತುಂಬೋಣ ಅಜ್ಜ."

"ತುಂಬಾಣ. ಮೂಲೇಲಿ ಗುಡ್ಡೆ ಇಟ್ಟಿದ್ನಲ್ಲ, ಒಣ ಕರ್ಲು, ಚೀಲ ಮುಚ್ಚಿ. ಮಳೇಗಾಲಕ್ಕೆ ಅಂತ ವರ್ಷಾನೂ ಇಡ್ತೀನಿ. ಎಲ್ಲೈತೆ ಅದು?"

ಅಕ್ಕ ನನ್ನ ಮುಖ ನೋಡಿ, "ಅದು ನಾನೇ ತಿಪ್ಪಿಗೆ ಹಾಕ್ದೆ ಕಣಜ್ಜ, ಗೊತ್ತಾಗ್ಲಿಲ್ಲ" ಎಂದಳು. ಹನ್ನೆರಡು ವರ್ಷದಿಂದ ಆ ಮಾಳಿಗೆಯಡಿ ಬದುಕಿದವಳಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಕ್ಯಾತಜ್ಜ ನನ್ನ ಕಡೆ ನೋಡಿ ಒಂದು ಬುಟ್ಟಿ ಎತ್ತಿಕೊಂಡ.

ಹೊಸ ಕರ್ಲು ತರೋಣ ಎಂದು ಇಬ್ಬರೂ ಕೆರೆಯ ಕಡೆ ಹೋದೆವು. ಕೆರೆ ತುಂಬಿ ಏರಿಯ ಕಲ್ಲಿಗೆ ಅಲೆ ಬಡಿಯುತ್ತಿತ್ತು. ಊರಿನ ಹೆಂಗಸರು ಬಾಗಿನ ಬಿಟ್ಟು ಹೋಗಿದ್ದ ಮೊರಗಳು ತೇಲುತ್ತಿದ್ದವು. ಕ್ಯಾತಜ್ಜ ಕೋಲು ಚಾಚಿ ನೀರಿನ ನಡುವೆ ಒಂದು ಜಾಲಿಯ ತುದಿ ತೋರಿಸಿದ. "ಅಗೋ, ಆ ಜಾಲಿ ಬುಡದಾಗೈತೆ ಕರ್ಲು ಗುಂಡಿ. ಎರಡಾಳು ನೀರು." ಪಕ್ಕದ ಊರಿನ ಗುಂಡಿಗಳೂ ಹಾಗೇ. ಎಷ್ಟೋ ವರ್ಷ ಈ ಕೆರೆ ತುಂಬಲಿ ಎಂದು ಹರಕೆ ಹೊತ್ತ ಊರು ಅದು. ತುಂಬಿದ ಕೆರೆಯ ಮುಂದೆ ನಿಂತು ನನಗೆ ಅಳು ಬಂತು. ಅಕ್ಕಪಕ್ಕದವರನ್ನು ಕೇಳಬಹುದಿತ್ತು, ಕೇಳಿದೆವು ಕೂಡ. ಅವರ ಗುಡ್ಡೆಗಳೂ ತಳ ಕಂಡಿದ್ದವು, ನಿಮಗಿಲ್ಲದಿದ್ದರೂ ನಮಗೆ ಕೊಡಿ ಎಂದು ಯಾವ ಬಾಯಲ್ಲಿ ಒತ್ತಾಯ ಮಾಡುವುದು? ಒಂದು ಮನೆಯ ಮುದುಕಿ ಸೆರಗಿನಲ್ಲಿ ಒಂದು ಬೊಗಸೆ ತಂದುಕೊಟ್ಟಳು.

ಮಳೆ ನಿಲ್ಲದೆ ಸಿಮೆಂಟು ತೆಗೆಯುವಂತಿಲ್ಲ, ಸಿಮೆಂಟು ತೆಗೆಯದೆ ತೊಲೆಯ ಮೇಲಿನ ಭಾರ ಇಳಿಯುವಂತಿಲ್ಲ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಅನ್ನುವ ಕತೆ. ತೊಲೆಗೆ ಎರಡು ನೀಲಗಿರಿ ಕಂಬ ಆಸರೆ ಕೊಟ್ಟೆವು. ಅಕ್ಕನನ್ನು ನಮ್ಮ ಮನೆಗೆ ಬಾ ಎಂದು ಕರೆದೆ, ಕಾಲು ಹಿಡಿಯುವುದೊಂದು ಬಾಕಿ. "ಸ್ಕೂಲಿನ ಮಕ್ಕಳು ಉಣ್ಣದೆಲ್ಲಿ?" ಎಂದು ಅವಳು ಜಗ್ಗಲಿಲ್ಲ.

ಕೋಡಿ ಬಿದ್ದ ವಾರ ಎರಡು ದಿನ ಬಿಸಿಲು ಕಂಡಿತು. ಭಾನುವಾರ ಬೆಳಿಗ್ಗೆ ಊರಿಗೆ ಊರೇ ಟ್ರ್ಯಾಕ್ಟರು ಹತ್ತಿ ಮಾರಿಕಣಿವೆಗೆ ಹೋಯಿತು. ಉಳಿದವರು ನಾವು ಮೂವರು. ನಾನು ಸುತ್ತಿಗೆ ಉಳಿ ಹಿಡಿದು ಮೇಲೆ ಹತ್ತಿದೆ. ಆದಷ್ಟು ಸಿಮೆಂಟು ಒಡೆದು ಭಾರ ಇಳಿಸುವುದೆಂದು ಮಾತಾಗಿತ್ತು. "ಗೋಡೆ ಮ್ಯಾಗೇ ಕುಂತು ಒಡೀರಿ, ನಡೂಕೆ ಹೋಗಬ್ಯಾಡ್ರಿ" ಎಂದು ಕ್ಯಾತಜ್ಜ ಅಂಗಳದಲ್ಲಿ ನಿಂತು ಎಚ್ಚರ ಹೇಳುತ್ತಿದ್ದ. ಅಕ್ಕ ಒಳಗಿನ ಸಾಮಾನು ಹೊರಗೆ ಸಾಗಿಸುತ್ತಿದ್ದಳು. ಅಂಚಿನ ಸಿಮೆಂಟು ಒಡೆದದ್ದಾಯಿತು. ನಡುವಿನದನ್ನು ಒಂದು ಚಪ್ಪಡಿ ಎತ್ತಿಬಿಟ್ಟರೆ ಭಾರ ಬೇಗ ಇಳಿಯುತ್ತದೆ ಎಂದು ನನಗೆ ಅನ್ನಿಸಿತು. ನಾಲ್ಕು ಹೆಜ್ಜೆ ಇಟ್ಟೆ.

ಲಟ್ ಎಂದು ಕೆಳಗೆ ಸದ್ದಾಯಿತು. ಕಾಲಡಿಯ ಮಾಳಿಗೆ ಒಂದು ಗೇಣು ಕೆಳಗಿಳಿದು ನಿಂತಿತು.

"ಗೌರವ್ವಾ, ಹೊರಾಕೆ ಬಾ! ಬಾ ಹೊರಾಕೆ!" ಎಂದು ಕ್ಯಾತಜ್ಜ ಕೂಗಿದ.

ಅಕ್ಕ ಓಡಿ ಬಂದದ್ದು ನನಗೆ ಕಂಡಿತು. ಅಂಗಳಕ್ಕೆ ಬಂದವಳು ಸೊಂಟ ಮುಟ್ಟಿಕೊಂಡು, "ಅಯ್ಯೋ, ಸ್ಕೂಲಿನ ಬೀಗದ ಕೈ" ಎಂದು ತಿರುಗಿ ಒಳಗೆ ನುಗ್ಗಿದಳು.

ನಾನು ಗೋಡೆಯ ಕಡೆ ನೆಗೆಯಲು ಕಾಲೆತ್ತಿದೆ. "ಅಲ್ಲಾಡಬ್ಯಾಡ್ರಿ ಮೇಷ್ಟ್ರೇ! ಗೌರವ್ವ ಒಳಗವ್ಳೆ!" ಎಂದು ಕ್ಯಾತಜ್ಜ ಕಿರುಚಿದ. ಎತ್ತಿದ ಕಾಲನ್ನು ಮೆತ್ತಗೆ ಇಳಿಸಿದೆ. ಉಸಿರು ಬಿಡಲೂ ಹೆದರಿಕೆ. ಇಡೀ ಮಾಳಿಗೆಯ ಭಾರಕ್ಕೆ ನನ್ನ ಮೈಭಾರ ಸೇರಿ ಅವಳ ನೆತ್ತಿಯ ಮೇಲೆ ನಿಂತಿತ್ತು. ನಾನು ಮಾಡಬಹುದಾಗಿದ್ದ ಒಂದೇ ಕೆಲಸವೆಂದರೆ ಏನೂ ಮಾಡದೆ ನಿಲ್ಲುವುದು. ಕೆಳಗೆ ಅವಳು ಡಬ್ಬಿಗಳನ್ನು ಸರಿಸುವ ಸದ್ದು ಕೇಳುತ್ತಿತ್ತು. ಒಂದು ಡಬ್ಬಿ, ಇನ್ನೊಂದು ಡಬ್ಬಿ. ನಾನು ನಂಬದ ದೇವರುಗಳ ಹೆಸರೆಲ್ಲ ಬಾಯಿಗೆ ಬಂತು. "ಸಿಗ್ತು" ಎಂದಳು. ಕ್ಯಾತಜ್ಜ ಅವಳ ರಟ್ಟೆ ಹಿಡಿದು ಎಳೆದುಕೊಂಡ. ಆಮೇಲೆ ನಾನು ಹೊಟ್ಟೆಯ ಮೇಲೆ ತೆವಳಿ ಪಕ್ಕದವರ ಮಾಳಿಗೆಗೆ ದಾಟಿದೆ. ದಾಟಿ ಇಪ್ಪತ್ತು ಎಣಿಸುವಷ್ಟರಲ್ಲಿ ನಡುತೊಲೆ ಮುರಿದು ಸಿಮೆಂಟು, ಮಣ್ಣು, ಜಂತೆ ಎಲ್ಲ ಒಳಗೆ ಕೂತುಬಿಟ್ಟವು. ಪಡುವಣ ಗೋಡೆಯನ್ನೂ ಎಳೆದುಕೊಂಡವು.

ಧೂಳು ಏಳಲಿಲ್ಲ. ಒದ್ದೆ ಮಣ್ಣು.

ನಾನು ಇಳಿದು ಬಂದು ಅಂಗಳದಲ್ಲಿ ಕೂತೆ. "ಬೈದುಬಿಡು ಅಕ್ಕ" ಎಂದೆ. ಅವಳು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. "ಬೈದ್ರೆ ಮಾಳಿಗೆ ಏಳ್ತತೇನೋ?" ಎಂದಳು. ಆಮೇಲೆ ನನ್ನ ತಲೆಯ ಮೇಲಿನ ಸಿಮೆಂಟಿನ ಚೂರು ಒಂದೊಂದಾಗಿ ತೆಗೆದಳು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅವಳು.

ಮರುದಿನ ಶಾಲೆಯ ಮಕ್ಕಳಿಗೆ ಅನ್ನ ಸಾರು ಮಾಡಿ ಬಡಿಸಿದಳಂತೆ. ದಸರಾ ರಜೆಯವರೆಗೆ ಪಕ್ಕದ ಮನೆಯ ಪಡಸಾಲೆಯಲ್ಲಿ ಮಲಗಿ ಕೆಲಸ ಸಾಗಿಸಿದಳು. ಇನ್ನೊಬ್ಬರ ಪಡಸಾಲೆಯಲ್ಲಿ ಎಷ್ಟು ದಿನ ಇರಲಾದೀತು? ಒಂದು ಟ್ರಂಕು, ಎರಡು ಚೀಲದೊಂದಿಗೆ ಹೊಳಲ್ಕೆರೆಗೆ ಕರೆತಂದೆ. ಶಾಲೆಗೆ ಬೇರೆಯವರು ಸೇರಿದರು. ಮನೆ ಮತ್ತೆ ಕಟ್ಟೋಣ ಎಂದು ಆ ಬೇಸಿಗೆಯಲ್ಲಿ ಹೇಳಿದೆ, ಮುಂದಿನ ಬೇಸಿಗೆಯಲ್ಲೂ ಹೇಳಿದೆ. ಈಗ ಆ ಮಾತು ತೆಗೆದರೆ ಅವಳೇ ಬೇರೆ ಮಾತು ತೆಗೆಯುತ್ತಾಳೆ. ಸುಮಾ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಸುಳ್ಳು ಹೇಳಬಾರದು. ಅಕ್ಕ ನಮ್ಮಲ್ಲಿ ಬಂದು ಇಷ್ಟು ವರ್ಷವಾದರೂ ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ.

ವಾಷರಿಲ್ಲದೆ ಮನೆಗೆ ಬಂದ ಆ ದಿನ ನಾನು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದೆ. ಅಕ್ಕ ತನ್ನ ರೂಮಿನಿಂದ ಬಂದು ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಗುಂಡುಕಲ್ಲು, ಇನ್ನೊಂದರಲ್ಲಿ ಒಂದು ಮೊಳೆ.

"ತಮ್ಮ, ಬ್ಯಾಗು ನೇತಾಕಾಕೆ ಗ್ವಾಡೆಗೆ ಇದೊಂದು ಹೊಡಕಳ್ಳೇನೋ? ನೀವು ಬಣ್ಣ ಗಿಣ್ಣ ಹೊಡ್ಸಿದೀರ, ಕೆಡ್ತತೆ ಅಂದ್ರೆ ಬ್ಯಾಡ."

"ಕೇಳೋದೇನಕ್ಕ ಅದನ್ನ, ಹೊಡಿ. ನಿನ್ನದೇ ಮನೆ" ಎಂದೆ.

ಅವಳು ನಕ್ಕಳು. "ನಂದಾಗಿದ್ರೆ ಕೇಳ್ತಿದ್ನೇನೋ" ಎಂದು ಒಳಗೆ ಹೋದಳು. ಗೋಡೆಗೆ ಕಲ್ಲು ಬಡಿಯುವ ಸದ್ದು ಕೇಳಿತು, ಮೂರೇ ಏಟು, ಮೆಲ್ಲಗೆ.